ಸೋದರಳಿಯನ ದರ ಇಳಿಸಿದ್ದು

ಈ ಲೋಕದಲ್ಲಿ ಯಾವ ವಸ್ತುವಿಗೂ ಅದರದೇ ಆದ ಬೆಲೆ ಎಂಬುದಿಲ್ಲ; ಪಕ್ಕದವನು ಅದನ್ನು ಎಷ್ಟು ಹೊತ್ತು ನೋಡುತ್ತ ನಿಂತ ಎಂಬುದರ ಮೇಲೆ ಬೆಲೆ ನಿಲ್ಲುತ್ತದೆ. ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ, ಶಿರಸಿಯ ಅಡಿಕೆ ಟೆಂಡರಿನಲ್ಲಿ ಮೊಣಕಾಲು ಸವೆಸಿಕೊಂಡು ಹೇಳುತ್ತಿದ್ದೇನೆ. ಅಲ್ಲಿ ಸಾಲಾಗಿ ಸುರಿದ ರಾಶಿಗಳ ನಡುವೆ ಖರೀದಿದಾರರಾದ ನಾವು ಓಡಾಡುತ್ತೇವೆ. ಒಂದು ಹಿಡಿ ಎತ್ತುತ್ತೇವೆ, ಒಂದನ್ನು ಕತ್ತರಿಸಿ ನೋಡುತ್ತೇವೆ, ಮುಖದಲ್ಲಿ ಏನನ್ನೂ ತೋರಿಸದೆ ಚೀಟಿಯಲ್ಲಿ ದರ ಬರೆದು ಹಾಕುತ್ತೇವೆ. ನನ್ನ ಪದ್ಧತಿ ಏನೆಂದರೆ, ನನಗೆ ಬೇಡದ ರಾಶಿಯ ಮುಂದೆ ಬೇಕೆಂದೇ ಕುಕ್ಕರಗಾಲಲ್ಲಿ ಕೂತು, ಒಂದು ಅಡಿಕೆ ಮೂಸಿ, ಗಂಭೀರವಾಗಿ ತಲೆಯಾಡಿಸಿ ಏಳುವುದು. ನಾನು ಎದ್ದದ್ದೇ ತಡ, ಆ ಜಾಗಕ್ಕೆ ಇಬ್ಬರು ಬಂದು ಕೂರುತ್ತಾರೆ. ಅವರು ಅಲ್ಲಿ ಮೂಸುತ್ತಿರುವಾಗ ನಾನು ನನಗೆ ನಿಜವಾಗಿ ಬೇಕಾದ ರಾಶಿಯ ಮುಂದೆ ಚಪ್ಪಲಿ ಸರಿಮಾಡಿಕೊಳ್ಳುವವನ ಹಾಗೆ ಬಗ್ಗಿ, ಕೆಲಸ ಮುಗಿಸಿಕೊಂಡು ಬರುತ್ತೇನೆ. ಈ ಗುಟ್ಟನ್ನು ನಿಮಗೆ ಪುಕ್ಕಟೆಯಾಗಿ ಹೇಳಿದ್ದೇನೆ. ಪುಕ್ಕಟೆ ಹೇಳುವುದೇ ನನ್ನ ದೌರ್ಬಲ್ಯ.

ಸಲಹೆ ಕೊಡುವ ಅಧಿಕಾರ ನನಗೆ ಇದೆ ಎಂದೇ ನನ್ನ ತಿಳಿವಳಿಕೆ. ಸಿದ್ದಾಪುರದ ಆಚೆಯ ಹಳ್ಳಿಯಿಂದ ಒಂದು ಗೋಣಿಚೀಲ, ಒಂದು ಕೈತಕ್ಕಡಿ ಹಿಡಿದು, ಬ್ರೇಕಿಲ್ಲದ ಸೈಕಲ್ ಮೇಲೆ ಮನೆಮನೆಯ ಕಾಳುಮೆಣಸು ಕೊಳ್ಳುತ್ತ ಶಿರಸಿಗೆ ಬಂದವನು ನಾನು. ನನ್ನ ಹೆಸರಿನಲ್ಲಿ ಒಂದು ಅಡಿಕೆ ಮರವೂ ಇಲ್ಲ, ಆದರೆ ತೋಟ ಇದ್ದವರೆಲ್ಲ ಇವತ್ತು ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು, "ಹೆಗಡೇರೇ, ಈಗ ಬಿಡ್ಲಾ, ಇಟ್ಕಳ್ಳಲಾ?" ಎಂದು ಕೇಳುತ್ತಾರೆ. "ಇಟ್ಕಳಿ" ಎನ್ನುತ್ತೇನೆ. ಬಂದ ದರ ಒಪ್ಪಿಗೆಯಾಗದಿದ್ದರೆ ಮಾಲು ಬಿಡದೆ ಗೋಡೌನಿಗೆ ಹಾಕುವ ಹಕ್ಕು ನಮ್ಮ ಕಡೆ ಬೆಳೆಗಾರನಿಗೆ ಇದೆ, ಅಡಿಕೆ ಗೋಡೌನಿನಲ್ಲಿ ಅಳುವುದಿಲ್ಲ. ಏರುವ ಕಾಲಕ್ಕೆ ಏರಿಯೇ ಏರುತ್ತದೆ. ಬರುಬರುತ್ತ ಕೇಳದಿದ್ದವರಿಗೂ ನಾನು ಹೇಳತೊಡಗಿದೆ. ಮದುವೆಮನೆಯಲ್ಲಿ ಅಡುಗೆಭಟ್ಟರಿಗೆ, ಆಸ್ಪತ್ರೆಯಲ್ಲಿ ಡಾಕ್ಟರಿಗೆ. "ನಿಂಗ್ಳತ್ರ ಯಾರಾದ್ರೂ ಕೇಳಿದ್ವ?" ಎಂಬುದು ನನ್ನ ಹೆಂಡತಿ ವಿಮಲೆಯ ಬಾಯಲ್ಲಿ ಗಾದೆಗಿಂತ ಹೆಚ್ಚಾಗಿ ಸವೆದ ಮಾತು.

ಇಂಥ ನನ್ನ ಕೈಗೆ ಒಂದು ದಿನ ಅಡಿಕೆಯಲ್ಲದ ಮಾಲು ಬಂತು. ನನ್ನ ಸೋದರಳಿಯ ಚಿನ್ಮಯ.

ತಂಗಿ ಸಾವಿತ್ರಿಯನ್ನು ಕೊಟ್ಟದ್ದು ಯಲ್ಲಾಪುರ ತಾಲೂಕಿನ ಇಡಗುಂದಿಗೆ. ಅವಳ ಮಗ ಚಿನ್ಮಯ ಸಣ್ಣವನಿದ್ದಾಗಿನಿಂದ ಅಡಿಕೆಯ ಕೊನೆಕೊಯ್ಲಿನಲ್ಲಿ ಮರದ ಬುಡಕ್ಕೆ ನಿಂತವನು. ಮೇಲಿನಿಂದ ನೇಣುಹಗ್ಗದಲ್ಲಿ ಜಾರಿ ಬರುವ ಅಡಿಕೆ ಗೊನೆಯನ್ನು ನೆಲಕ್ಕೆ ಬೀಳಗೊಡದೆ, ಒಂದು ಅಡಿಕೆಯೂ ಉದುರದ ಹಾಗೆ ಎದೆಗೆ ಅವುಚಿಕೊಳ್ಳುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಆ ಕೈಗಳನ್ನು ಕಾಲೇಜಿನಲ್ಲಿ ಯಾರೋ ಪುಣ್ಯಾತ್ಮರು ನೋಡಿ ಫುಟ್‌ಬಾಲ್ ಗೋಲಿನ ಎದುರು ನಿಲ್ಲಿಸಿದರು. ಅಲ್ಲಿಂದ ಅವನು ಗೋವಾದ ಎರಡನೇ ದರ್ಜೆಯ ಲೀಗಿನ ಒಂದು ಸಣ್ಣ ಕ್ಲಬ್ಬಿಗೆ ಹೋದ. ಸಣ್ಣದು ಎಂದರೆ, ಮೈದಾನದಲ್ಲಿ ಆಟಕ್ಕೆ ಮುಂಚೆ ಎಮ್ಮೆಗಳನ್ನು ಓಡಿಸುವ ಕೆಲಸವೂ ಗೋಲ್‌ಕೀಪರನದೇ.

ಲೀಗು ಇಲ್ಲದ ತಿಂಗಳುಗಳಲ್ಲಿ ಅವನು ತಾಲೀಮಿಗೆಂದು ಶಿರಸಿಯ ನಮ್ಮ ಮನೆಯಲ್ಲಿ ಇರುತ್ತಿದ್ದ. ಮನೆಯ ತೊಂದರೆ ಶುರುವಾದದ್ದೇ ಅಲ್ಲಿ. ಕೋಚು ದಿನಾ ಮೊಟ್ಟೆ ತಿನ್ನಲು ಹೇಳಿದ್ದಾರಂತೆ. ನಮ್ಮ ಮನೆಯಲ್ಲಿ ಈರುಳ್ಳಿಯೇ ಶ್ರಾವಣದಲ್ಲಿ ರಜೆ ಹಾಕುತ್ತದೆ. ವಿಮಲೆ ಬಹಳ ಯೋಚಿಸಿ, ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಹಿಂದೆ, ಒಂದು ಹಳೆ ಸ್ಟವ್ ಇಡಲು ಅಪ್ಪಣೆ ಕೊಟ್ಟಳು. "ಟ್ಯಾಂಕಿನ ಈಚೆ ಬಂದ್ರೆ ಆ ಪಾತ್ರೆ ಸಮೇತ ನೀನೂ ಇಡಗುಂದಿಗೆ" ಎಂದು ಗಡಿಯನ್ನೂ ಗುರುತಿಸಿದಳು. ಮಾಣಿ ಮಳೆಗಾಲದಲ್ಲಿ ಕೊಡೆ ಹಿಡಿದು ಮೊಟ್ಟೆ ಬೇಯಿಸಿದ. ನಮ್ಮವರು ಅಂಗಡಿಗೆ ಬಂದಾಗ, "ಎಂತ ಮಾಡ್ತ ನಿಮ್ಮ ಅಳಿಯ? ಚೆಂಡು ಹಿಡಿತ್ನಡ? ಮತ್ತೆ ಕೆಲಸ ಎಂತ?" ಎಂದು ಕೇಳುತ್ತಿದ್ದರು. ಆಗ ಅವನ ದರ ಇಷ್ಟು.

ಹೀಗಿರುವಾಗ ಒಂದು ಮಧ್ಯಾಹ್ನ ಪಾಟೀಲರು ಅಂಗಡಿಗೆ ಬಂದರು. ಮನೆ ಹುಬ್ಬಳ್ಳಿ, ಮೂಲ ಹಾವೇರಿ ಕಡೆ. ಮೇಲಿನ ಲೀಗಿನ ದೊಡ್ಡ ಕ್ಲಬ್ಬೊಂದಕ್ಕೆ ಆಟಗಾರರನ್ನು ಹುಡುಕಿ ಕೊಡುವುದು ಅವರ ಕೆಲಸ. ಆ ಕ್ಲಬ್ಬಿನ ಗೋಲ್‌ಕೀಪರ್ ಭುಜ ಮುರಿದುಕೊಂಡಿದ್ದ, ಇನ್ನೊಬ್ಬ ತುರ್ತಾಗಿ ಬೇಕಿತ್ತು. "ಹೆಗಡೇರ, ನಿಮ್ಮ ಹುಡುಗನ ಕೈಯಾಗ ಗೋಂದ ಐತ್ರೀ. ಚೆಂಡು ಬಂದ್ರ ಬಿಡಂಗೇ ಇಲ್ಲ. ನಾವು ಗೋವಾದವರ ಕೂಡ ಮಾತಾಡೇವಿ, ಅವರೂ ಒಪ್ಯಾರ. ಈ ತಿಂಗಳು ಮುಗಿಯೋದ್ರೊಳಗ ಕಾಗದ ಆಗಬೇಕು ನೋಡ್ರಿ, ಆಮ್ಯಾಲ ಬಾಗಲಾ ಬಂದ್" ಎಂದರು. ಆಟಗಾರರ ಕೊಡುಕೊಳ್ಳುವಿಕೆಗೂ ನಮ್ಮ ಸೀಸನ್ನಿನ ಹಾಗೆ ಒಂದು ಅವಧಿ ಇದೆಯಂತೆ. ಎಲ್ಲ ಸುಸೂತ್ರವಾಗಿತ್ತು. ಚಿನ್ಮಯ ಒಪ್ಪಿದ್ದ, ಗೋವಾ ಒಪ್ಪಿತ್ತು, ಪಾಟೀಲರು ನಮ್ಮಲ್ಲಿ ಕಷಾಯ ಕುಡಿದು ಹೋದರು. ನನ್ನನ್ನು ಯಾರೂ ಏನೂ ಕೇಳಿರಲಿಲ್ಲ.

ಅದರ ಬೆನ್ನಿಗೇ ಸುದ್ದಿ ಬಂತು. ಇಪ್ಪತ್ಮೂರು ವರ್ಷದೊಳಗಿನವರ ಭಾರತ ತಂಡಕ್ಕೆ ಚಿನ್ಮಯನನ್ನು ಕರೆದಿದ್ದಾರೆ. ಶಿಬಿರ ಮುಗಿಸಿ ಕೊಲ್ಲಿ ದೇಶವೊಂದಕ್ಕೆ ಆಡಲು ಹೋಗಬೇಕು.

ಒಂದು ಕರೆ ಮನುಷ್ಯನ ಬೆಲೆಯನ್ನು ಹೇಗೆ ಏರಿಸುತ್ತದೆ ಎಂಬುದನ್ನು ನೋಡಬೇಕಾದರೆ ನೀವು ಆ ವಾರ ನಮ್ಮ ಮನೆಗೆ ಬರಬೇಕಿತ್ತು. ಹುಡುಗ ಅದೇ, ಕೈ ಅದೇ, ಹಿಡಿದ ಚೆಂಡೂ ಅದೇ. ಆದರೆ ಮೊಟ್ಟೆಯ ಸ್ಟವ್ ಟ್ಯಾಂಕಿನ ಹಿಂದಿನಿಂದ ಇಳಿದು ಹಿತ್ತಿಲ ಜಗಲಿಗೆ ಬಂತು. "ದೇಶಕ್ಕಾಗಿ ತಿಂಬದು, ಎಂತ ಆಗ್ತಿಲ್ಲೆ" ಎಂದಳು ವಿಮಲೆ. ತೋಟವಿದ್ದ ಹುಡುಗರಿಗೇ ಹೆಣ್ಣು ಸಿಗದ ಈ ಕಾಲದಲ್ಲಿ ಹುಲೇಕಲ್ ಕಡೆಯಿಂದ ಒಂದು ಜಾತಕ ತಾನಾಗಿ ನಡೆದುಕೊಂಡು ಬಂತು. "ಮತ್ತೆ ಕೆಲಸ ಎಂತ?" ಎಂದವರು ಬಂದು, "ಆನು ಆಗ್ಲೇ ಹೇಳಿದ್ದಿ, ಅಂವ ಸಾಮಾನ್ಯ ಮಾಣಿ ಅಲ್ಲ ಹೇಳಿ" ಎಂದು ನನ್ನದೇ ಚಹಾ ಕುಡಿದರು.

ನನ್ನ ತಲೆಯಲ್ಲಿ ಆಗ ಒಂದೇ ಮಾತು ಗುಯ್‌ಗುಟ್ಟುತ್ತಿತ್ತು. ಏರುವ ಮಾಲನ್ನು ಯಾವ ಹುಚ್ಚ ಹಳೆ ದರಕ್ಕೆ ಬಿಡುತ್ತಾನೆ? ಕರೆ ಬರುವ ಮುಂಚಿನ ದರ ಬೇರೆ, ಬಂದ ಮೇಲಿನ ದರ ಬೇರೆ, ಇನ್ನು ಭಾರತದ ಅಂಗಿ ತೊಟ್ಟು ಟಿವಿಯಲ್ಲಿ ನಾಲ್ಕು ಚೆಂಡು ಹಿಡಿದ ಮೇಲೆ ದರ ಹೇಳುವುದೇ ಬೇಡ. ಚಿನ್ಮಯ ಆಗಲೇ ಶಿಬಿರಕ್ಕೆ ಹೋಗಿದ್ದ, ಅವನ ತಲೆ ಕೆಡಿಸುವುದು ಬೇಡವೆಂದು ನಾನು ನೇರವಾಗಿ ಗೋವಾ ಕ್ಲಬ್ಬಿನ ಕಾರ್ಯದರ್ಶಿಗೇ ಫೋನು ಹಚ್ಚಿದೆ. ಅವರ ಹೆಸರು ಗಾಂವಕರ್. ಮೀನಿಗೆ ಹಾಕುವ ಮಂಜುಗಡ್ಡೆಯ ಕಾರ್ಖಾನೆ ಇಟ್ಟವರು. ಕಾರವಾರದ ನಂಟಿನಿಂದ ಕನ್ನಡವೂ ಬರುತ್ತಿತ್ತು. ನನಗೆ ವ್ಯಾಪಾರದ ಕೊಂಕಣಿ ಬರುತ್ತದೆ. ಎರಡೂ ಬೆರೆಸಿ ಅರ್ಧ ಗಂಟೆ ಪಾಠ ಹೇಳಿದೆ. "ಗಾಂವಕರ್ ಬಾಬ್, ಅವಸರ ನಾಕಾ. ಮಾಲು ಬಿಡಬೇಡಿ. ಪಾಟೀಲರು ಒಬ್ಬರೇ ಕೂತು ಮೂಸುತ್ತಿರುವಾಗ ಮಾರಿದರೆ ಏನು ಬಂತು? ಇನ್ನಿಬ್ಬರು ಬಂದು ಕೂರಲಿ. ದರ ಇಮ್ಮಡಿ ಹೇಳಿ, ಆಮೇಲೆ ನನ್ನನ್ನು ನೆನೆಯಿರಿ." ಗಾಂವಕರ್ ನಡುನಡುವೆ "ಬರೋಬರ್, ಬರೋಬರ್" ಎನ್ನುತ್ತಿದ್ದರು. ನನ್ನ ಬದುಕಿನಲ್ಲಿ ಅಷ್ಟು ಶ್ರದ್ಧೆಯಿಂದ ಯಾರೂ ನನ್ನ ಸಲಹೆ ಕೇಳಿದ್ದಿಲ್ಲ.

ಕೇಳಿದ್ದಷ್ಟೇ ಅಲ್ಲ, ಅವರು ಪಾಲಿಸಿಯೂ ಬಿಟ್ಟರು. ಮರುದಿನ ಸಂಜೆ ಶಿಬಿರದಿಂದ ಚಿನ್ಮಯನ ಫೋನು.

"ಮಾವ, ನೀ ಗಾಂವಕರಂಗೆ ಎಂತ ಹೇಳ್ದೆ?"

"ನಿನ್ನ ದರ ಏರ್ಸಿದ್ನೋ ತಮಾ! ಇಮ್ಮಡಿ!"

"ಆ ದುಡ್ಡು ಎಂಗೆ ಬರ್ತಿಲ್ಲೆ ಮಾವ. ಅದು ಕ್ಲಬ್ಬಿಂದ ಕ್ಲಬ್ಬಿಗೆ ಹೋಗ್ತು. ಎಂಗೆ ಬಪ್ಪದು ಸಂಬಳ ಮಾತ್ರ."

ನಾನು ಕೂತೆ. ಇದೆಂಥ ವ್ಯವಹಾರ? ಬೆಳೆದವಳು ಸಾವಿತ್ರಿ, ಮೊಟ್ಟೆ ಬೇಯಿಸಲು ಜಾಗ ಕೊಟ್ಟವರು ನಾವು, ದರ ಏರಿದರೆ ಲಾಭ ಗೋಡೌನಿನವನಿಗೆ! ಜಗತ್ತಿನ ಇಷ್ಟು ದೊಡ್ಡ ಆಟದ ಇಷ್ಟು ಸಣ್ಣ ಸಂಗತಿಯನ್ನು ನಾನು ಕೇಳಿ ತಿಳಿದುಕೊಂಡಿರಲಿಲ್ಲ. ಸಲಹೆ ಕೊಡುವ ಭರದಲ್ಲಿ ಪ್ರಶ್ನೆ ಕೇಳಲು ಪುರುಸೊತ್ತು ಎಲ್ಲಿರುತ್ತದೆ?

"ಹೋಗ್ಲಿ ಬಿಡು" ಎಂದೆ, "ಭಾರತಕ್ಕೆ ಆಡಿದ ಮೇಲೆ ಪಾಟೀಲನೇ ಓಡಿ ಬರ್ತ."

"ಆನು ಆಡ್ತಿಲ್ಲೆ ಮಾವ. ಆನಿಲ್ಲಿ ಮೂರನೇ ಗೋಲ್‌ಕೀಪರ್. ಮೊದಲನೇಯವಂಗೆ ಜ್ವರ ಬಂದು, ಎರಡನೇಯವನ ಕಾಲು ಉಳುಕಿದ್ರೆ ಎನ್ನ ಪಾಳಿ. ಅಲ್ಲಿವರೆಗೆ ಅವ್ಕೆ ಚೆಂಡು ಒದ್ದು ಕೊಡದು ಎನ್ನ ಕೆಲಸ." ಅವನ ದನಿ ಸಣ್ಣದಾಯಿತು. "ಪಾಟೀಲರ ಕ್ಲಬ್ಬು ಇಮ್ಮಡಿ ದರ ಕೇಳಿ ಬೇರೆಯವನನ್ನ ನೋಡ್ತಾ ಇದ್ದಡ. ಆನು ಇಲ್ಲಿಗೆ ಬಂದಿದ್ದಕ್ಕೆ ಗೋವಾದಲ್ಲಿ ಎನ್ನ ಜಾಗಕ್ಕೆ ಒಬ್ಬವ ಬಂದು ನಿಂತಾಜು, ತಾಲೀಮಲ್ಲಿ ಚೊಲೋ ಆಡ್ತಾ ಇದ್ದ. ಇದು ತಪ್ಪಿದ್ರೆ ಎಂಗೆ ಅಲ್ಲೂ ಬೆಂಚು, ಇಲ್ಲೂ ಬೆಂಚು. ವರ್ಷಪೂರ್ತಿ ಕೂತ ಗೋಲ್‌ಕೀಪರನ್ನ ಮುಂದಿನ ವರ್ಷ ಯಾರೂ ಕೇಳ್ತ್ವಿಲ್ಲೆ ಮಾವ."

ಇದನ್ನು ನಿಮಗೆ ವ್ಯಾಪಾರಿಯ ಮಾತಿನಲ್ಲಿ ಬಿಡಿಸಿ ಹೇಳಬೇಕು. ದೇಶದ ಕರೆ ಎಂಬುದು ದರವನ್ನು ಏರಿಸುತ್ತದೆ, ಸುಳ್ಳಲ್ಲ. ಆದರೆ ಅದೇ ಕರೆ ಹುಡುಗನನ್ನು ಅಂಗಡಿಯಿಂದ ಎತ್ತಿಕೊಂಡು ಹೋಗಿ ದೂರದ ಕಪಾಟಿನಲ್ಲಿ ಇಡುತ್ತದೆ. ಅಲ್ಲಿ ಆಡಿದರೆ ಚಿನ್ನ. ಆಡದೆ ವಾಪಸು ಬಂದರೆ, ಎಲ್ಲರೂ ಮೂಸಿ ಯಾರೂ ಚೀಟಿ ಹಾಕದೆ ಬಿಟ್ಟ ರಾಶಿಯ ಗತಿ. ಮಾರುವವನು ಏರಿದ ದರ ನೋಡುತ್ತಾನೆ, ಕೊಳ್ಳುವವನು ಇವನು ಎಷ್ಟು ದಿನ ಕೈಗೆ ಸಿಗುತ್ತಾನೆ ಎಂದು ನೋಡುತ್ತಾನೆ. ಇಬ್ಬರ ನಡುವೆ ಹುಡುಗನ ಪ್ರಾಯ ಮಾತ್ರ ಯಾವ ಗೋಡೌನಿಗೂ ಹಾಕಲಾಗದೆ ಓಡುತ್ತಿರುತ್ತದೆ. ಕಾಲಿನ ಮತ್ತು ಕೈಯ ಆಟ ಅಡಿಕೆಯಲ್ಲ, ಹೂವು. ಅದನ್ನು ಇಟ್ಟುಕೊಂಡು ಏರಿಸಲು ಬರುವುದಿಲ್ಲ. ಈ ಜ್ಞಾನ ನನಗೆ ಫೋನು ಇಟ್ಟ ಮೇಲೆ ಬಂತು.

ಫೋನು ಇಡುವಷ್ಟರಲ್ಲಿ ಇಡಗುಂದಿಯಿಂದ ಸಾವಿತ್ರಿ. "ಅಣ್ಣಾ, ಮಾಣಿನ ಬದುಕು ಗೋಡೌನಿಗೆ ಹಾಕಿದ್ಯಲಾ! ನಿನ್ನತ್ರ ಯಾರಾದ್ರೂ ಕೇಳಿದ್ವ?" ಅತ್ತಿಗೆ ನಾದಿನಿ ಇಬ್ಬರೂ ಒಂದೇ ಮಾತನ್ನು ಬಾಯಿಪಾಠ ಮಾಡಿಕೊಂಡಿರುವುದು ನನಗೆ ಆಗ ತಿಳಿಯಿತು.

ತಪ್ಪಾಯಿತೆಂದು ಮೂಲೆ ಹಿಡಿಯುವ ಜಾತಿ ನನ್ನದಲ್ಲ. ಏರಿಸಿದವನಿಗೆ ಇಳಿಸಲು ಬರಬೇಕು. ನಕಾಶೆ ತೆಗೆದು ನೋಡಿದರೆ ಹುಬ್ಬಳ್ಳಿಯಿಂದ ಕಾರವಾರಕ್ಕೆ ಹೋಗುವ ಹೆದ್ದಾರಿ ಯಲ್ಲಾಪುರ ದಾಟಿ ಇಡಗುಂದಿಯ ಮೇಲೇ ಹಾಯುತ್ತದೆ. ಪಾಟೀಲರು ಆ ಕಡೆಯಿಂದ, ಗಾಂವಕರ್ ಈ ಕಡೆಯಿಂದ. ನಡುವೆ ನನ್ನ ತಂಗಿಯ ಮನೆ. ಇಬ್ಬರಿಗೂ ಊಟಕ್ಕೆ ಹೇಳಿದೆ. ವ್ಯವಹಾರ ಎಂದರೆ ಬರದಿದ್ದವರು ಕಬ್ಬಿನಹಾಲಿನ ಸಿಹಿ ತೊಡದೇವು ಎಂದಕೂಡಲೇ ಬಂದರು. ತಿಂಗಳು ಮುಗಿಯಲು ಬಂದಿತ್ತು.

ಜಗಲಿಯಲ್ಲಿ ನಾನು ಇಬ್ಬರ ನಡುವೆ ಕೂತೆ. ಎದುರಿಗೆ ಮಜ್ಜಿಗೆಯ ತಂಬಿಗೆಗೆ ಒರಗಿಸಿಟ್ಟ ಫೋನಿನಲ್ಲಿ, ತಾಲೀಮು ಮುಗಿಸಿ ಬೆವರುತ್ತಿದ್ದ ಚಿನ್ಮಯ. ನನ್ನ ಯುಕ್ತಿ ಸರಳವಾಗಿತ್ತು. ಗಾಂವಕರರ ಕಡೆ ತಿರುಗಿ ಕೊಂಕಣಿಯಲ್ಲಿ ಹುಡುಗನನ್ನು ಹಳಿಯುವುದು, ಪಾಟೀಲರ ಕಡೆ ತಿರುಗಿ ಕನ್ನಡದಲ್ಲಿ ಹೊಗಳುವುದು. ಮಾರುವವನು ಇಳಿಯಬೇಕು, ಕೊಳ್ಳುವವನು ಏರಬೇಕು. ಎಡಕ್ಕೆ ತಿರುಗಿ, "ಬಾಬ್, ಇವನ ಎಡಗೈ ಸ್ವಲ್ಪ ಮಂದ. ದೇಶದವರು ಪದೇಪದೇ ಕರೆದರೆ ನಿಮಗೆ ಸಂಬಳ ಕೊಡುವ ಸುಖ ಮಾತ್ರ. ಅಲ್ಲೇ ಕಾಲು ಮುರಿದರೆ ಮಂಜುಗಡ್ಡೆ ಕಟ್ಟುವುದೂ ನೀವೇ" ಎಂದೆ. ಬಲಕ್ಕೆ ತಿರುಗಿ, "ಪಾಟೀಲರೇ, ಇವನ ಎಡಗೈಯಂಥ ಎಡಗೈ ದೇಶದಲ್ಲೇ ಇಲ್ಲ, ಅದಕ್ಕೇ ಕರೆದದ್ದು" ಎಂದೆ. ಹೀಗೆ ಬೀಸುವ ಕಲ್ಲಿನಂತೆ ತಿರುಗುತ್ತ ನನ್ನ ಕುತ್ತಿಗೆ ನೋಯತೊಡಗಿತು.

ಫೋನಿನಿಂದ ಹುಡುಗ, "ಮಾವ, ಎನ್ನ ಎಡಗೈಗೆ ಎಂತ ಆಜು?" ಎಂದ.

"ನೀ ಸುಮ್ನಿರು. ನಿನ್ನ ದರ ಇಳಿಸ್ತಾ ಇದ್ದಿ."

ಪಾಟೀಲರು ಬಾಯಲ್ಲಿದ್ದ ತೊಡದೇವು ನುಂಗಿ, ಬಹಳ ವಿನಯದಿಂದ ಹೇಳಿದರು. "ಹೆಗಡೇರ, ನಮ್ಮ ಮನಿಯಾಕಿ ಸಾವಂತವಾಡಿ ಕಡೆಯಾಕಿ ರೀ. ಮನ್ಯಾಗ ದಿನಾ ಇದ ಭಾಷಾದಾಗ ಬೈಸ್ಕೋತೀನಿ. ನೀವು ಅಂದದ್ದೆಲ್ಲಾ ತಿಳೀತು."

ಗಾಂವಕರ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ನನಗೂ ಕನ್ನಡ ಬರ್ತದೆ ಅಲ್ಲ ಹೆಗಡೆಮಾಮ್! ಹೋದ ವಾರ ಬಿಡಬೇಡ ಅಂತ ಹೇಳಿದ್ರಿ, ಈ ವಾರ ಬಿಡು ಅಂತ ಹೇಳ್ತೀರಿ. ನಿಮ್ಮ ಯಾವ ಮಾತು ಖರೇ?"

ಹುಡುಗನ ಮುಖ ಫೋನಿನಲ್ಲಿ ಸಣ್ಣದಾಗಿತ್ತು. ನಗಲಿಲ್ಲ ಅವನು. "ಎಂಗೆ ಆಡಲೆ ಬೇಕು ಅಷ್ಟೇ. ಎಲ್ಲಾದ್ರೂ ಸೈ" ಎಂದ. ಹೆದ್ದಾರಿಯಲ್ಲಿ ಲಾರಿಯೊಂದು ಘಟ್ಟ ಇಳಿಯುವ ಸದ್ದು ಕೇಳುತ್ತಿತ್ತು. ಗಾಂವಕರ್, "ಒಳ್ಳೆ ಪೋರ ಅವನು. ಆದರೆ ಹಳೆ ದರಕ್ಕೆ ಬಿಟ್ಟು, ನಾಳೆ ಅವನು ದೊಡ್ಡವನಾದರೆ ನಮ್ಮ ಕಮಿಟಿ ನನ್ನ ತಲೆ ತೆಗೀತದೆ" ಎಂದರು. ಪಾಟೀಲರು, "ಹೊಸ ದರಕ್ಕ ತಗೊಂಡು ನಾಳೆ ಅಂವ ಬೆಂಚಿನ ಮ್ಯಾಲ ಕುಂತರ ನಮ್ಮವರು ನನ್ನ ತಲಿ ತಗೀತಾರ" ಎಂದರು. ಇಬ್ಬರ ತಲೆಯೂ ಸುರಕ್ಷಿತವಾಗಿರಬೇಕಾದರೆ ಹುಡುಗ ಎಲ್ಲಿದ್ದಾನೋ ಅಲ್ಲೇ ಕೂರಬೇಕಿತ್ತು.

ಆಗ ಸಾವಿತ್ರಿ ಮಜ್ಜಿಗೆ ಬಡಿಸುತ್ತ ಚುಚ್ಚಿದಳು. "ಅಣ್ಣ ಬಿಡ್ಸಿ ಕೊಡ್ತ ಹೇಳಿ ನಂಬಡಿ. ಅಂವ ನಮ್ಮನೆ ಕೊಟ್ಟಿಗೆಲಿ ಪಾಲಿಗೆ ಬಿಟ್ಟ ಕಡಸಿನ ಲೆಕ್ಕವೇ ಇನ್ನೂ ಹರಿದಿಲ್ಲೆ."

ಕೊಟ್ಟಿಗೆಯತ್ತ ನೋಡಿದೆ. ಹೌದು, ನನ್ನದೇ ಕಡಸು. ನಮ್ಮ ಕಡೆ, ಹುಲ್ಲಿಲ್ಲದ ಪೇಟೆಯವರು ಹೆಣ್ಣುಕರುವನ್ನು ಹಳ್ಳಿಯ ಮನೆಗೆ ಪಾಲಿಗೆ ಬಿಡುತ್ತಾರೆ. ಇವತ್ತು ಕೊಟ್ಟವನಿಗೆ ಏನೂ ಬರುವುದಿಲ್ಲ. ಸಾಕಿದವರು ಹಾಲು ಉಣ್ಣುತ್ತಾರೆ. ಮುಂದೆ ಅದು ದೊಡ್ಡ ಹಸುವಾಗಿ ಮಾರಾಟವಾದಾಗ ಇಬ್ಬರಿಗೂ ಪಾಲು. ನಾನು ಎಲೆಯ ಮುಂದಿನಿಂದ ಅರ್ಧ ಎದ್ದೇಬಿಟ್ಟೆ.

"ಪಾಲಿಗೆ ಬಿಡಿ ಬಾಬ್! ಹಳೆ ದರಕ್ಕೇ ಕೊಡಿ. ನಾಳೆ ಪಾಟೀಲರ ಕ್ಲಬ್ಬು ಇವನನ್ನು ಇನ್ನೂ ದೊಡ್ಡವರಿಗೆ ಮಾರಿದರೆ ಅದರಲ್ಲಿ ನಿಮಗೂ ಪಾಲು. ಆಗ ದೇಶದವರು ಎಷ್ಟು ಸಲ ಕರೆದರೂ ನಿಮಗೆ ಲಾಭ, ಸಂಬಳ ಮಾತ್ರ ಪಾಟೀಲರ ಕ್ಲಬ್ಬಿನದು. ಪಾಟೀಲರೇ, ಏರದೆ ಇದ್ದರೆ ನೀವು ಒಂದು ಕಾಸೂ ಹೆಚ್ಚು ಕೊಡುವುದಿಲ್ಲ!"

ಪಾಟೀಲರು ಹುಬ್ಬೇರಿಸಿದರು. "ಇದು ನಮ್ಮ ಕಾಗದದಾಗ ಮೊದಲಽ ಐತ್ರೀ. ಏನೋ ದೊಡ್ಡ ಹೆಸರ ಐತಿ ಅದಕ್ಕ. ಯಾರಿಗೂ ನೆನಪಾಗಲಿಲ್ಲ ನೋಡ್ರಿ."

"ಹಂಗಾರೆ ಆನು ಕಡಸ?" ಎಂದಿತು ಫೋನು.

ಗಾಂವಕರ್ ಮಜ್ಜಿಗೆ ಮುಗಿಸಿ, ಬಾಯಿ ಒರೆಸಿ, ಕೊಟ್ಟಿಗೆಗೆ ಹೋಗಿ ಆ ಕಡಸಿನ ಬೆನ್ನು ಸವರಿ ನೋಡಿ ಬಂದರು. "ಬರೋಬರ್" ಎಂದರು. ಕಾಗದ ತಿಂಗಳೊಳಗೇ ಆಯಿತು.

ಕೊಲ್ಲಿ ದೇಶದಲ್ಲಿ ಚಿನ್ಮಯ ಒಂದು ನಿಮಿಷವೂ ಆಡಲಿಲ್ಲ. ಮೊದಲನೆಯವನಿಗೆ ಜ್ವರ ಬರಲಿಲ್ಲ, ವಿಮಲೆ ಮನಸ್ಸಿನಲ್ಲಿ ಹರಕೆ ಹೊತ್ತಿದ್ದರೂ. ಆದರೆ ಅಲ್ಲಿಂದ ಬಂದವನು ನೇರ ಹೊಸ ಕ್ಲಬ್ಬಿಗೆ ಹೋಗಿ, ಮೊದಲ ಆಟಕ್ಕೇ ಗೋಲಿನ ಎದುರು ನಿಂತ. ನಾವೆಲ್ಲ ಅಂಗಡಿಯಲ್ಲಿ ಕೂತು ನೋಡಿದೆವು. ಒಂದು ಚೆಂಡು ಬಲಮೂಲೆಗೆ ಗುಂಡಿನಂತೆ ಬಂತು. ಹುಡುಗ ಹಾರಿ, ಗಾಳಿಯಲ್ಲೇ ಅದನ್ನು ಎದೆಗೆ ಅವುಚಿಕೊಂಡು ಬಿದ್ದ, ಒಂದು ಅಡಿಕೆಯೂ ಉದುರದ ಹಾಗೆ. ಸ್ಟವ್ ಇವತ್ತು ಅಡುಗೆಮನೆಯ ಹೊಸ್ತಿಲವರೆಗೆ ಬಂದಿದೆ.

ಇಷ್ಟಾದ ಮೇಲೆ ಪಾಟೀಲರು ನನಗೇ ಫೋನು ಮಾಡಿದರು. ಮುಂಡಗೋಡ ಕಡೆಯ ಇನ್ನೊಬ್ಬ ಹುಡುಗನ ವ್ಯವಹಾರ ಇದೆಯಂತೆ, ನಡುವೆ ಕೂರಲು ಒಬ್ಬರು ಬೇಕಂತೆ. "ಬರ್ರಿ ಹೆಗಡೇರ, ನಿಮಗೂ ಏನರ ನೋಡಿ ಮಾಡೋಣು" ಎಂದರು. ಎದೆ ಉಬ್ಬಿತು. ಹುಬ್ಬಳ್ಳಿಯಿಂದ ಕರೆ ಬಂದವನು ತಕ್ಷಣ ಒಪ್ಪಿಕೊಂಡರೆ ಬೆಲೆ ಏನು ಉಳಿಯಿತು? ಇನ್ನಿಬ್ಬರು ಬಂದು ಕೂರಲಿ. "ವಿಚಾರ ಮಾಡಿ ಹೇಳ್ತೇನೆ" ಎಂದು ಫೋನು ಇಟ್ಟೆ.

ಮೊನ್ನೆ ಸಾವಿತ್ರಿ ಹೇಳಿದಳು, ಆ ಮಾತುಕತೆ ಅವಳ ಜಗಲಿಯಲ್ಲೇ ಮುಗಿಯಿತಂತೆ. ಪಾಟೀಲರು ಬಂದಿದ್ದರು, ಇನ್ನೊಂದು ಕ್ಲಬ್ಬಿನವರೂ ಬಂದಿದ್ದರು, ಮಜ್ಜಿಗೆ ಬಡಿಸುತ್ತ ಇವಳೇ ನಡುವೆ ಎರಡು ಮಾತಾಡಿದಳಂತೆ. ಅವಳಿಗೆ ಒಂದು ರೇಷ್ಮೆ ಸೀರೆ ಬಂದಿದೆ. "ನಿಂಗೆ ಕರೆ ಬಂದಿತ್ತಡ, ನೀ ದರ ಏರ್ಲಿ ಹೇಳಿ ಕೂತ್ಯಡ. ಕೂತ್ಕ ಕೂತ್ಕ" ಎಂದಳು. ವಿಮಲೆ ಅಡುಗೆಮನೆಯಿಂದ, "ಆ ಟ್ಯಾಂಕಿನ ಹಿಂದೆ ಜಾಗ ಖಾಲಿ ಇದ್ದು" ಎಂದಳು.

ಇರಲಿ. ಓದುಗರಲ್ಲಿ ಯಾರಿಗಾದರೂ ಹೊಲ, ಹಸು, ಗೋಲ್‌ಕೀಪರು, ಇಂಥ ಯಾವುದೇ ವ್ಯವಹಾರವಿದ್ದರೆ ಸಂಕೋಚ ಬೇಡ. ಶಿರಸಿಯಲ್ಲಿ ಇಳಿದು ಹೆಗಡೆ ಎಂದು ಕೇಳಿ. ದಿನವಿಡೀ ಅಂಗಡಿಯಲ್ಲೇ ಇರುತ್ತೇನೆ. ನಾನು ಹೇಳುವ ದರ ಸ್ವಲ್ಪ ಹೆಚ್ಚು ಅನ್ನಿಸಿದರೆ ಎದ್ದು ಮಾತ್ರ ಹೋಗಬೇಡಿ. ನೋಡಿ ಮಾಡೋಣ.